ಹ್ಞೂಂ ಅನ್ನದ ಸಂಜೆ

ಕಾಯಿಲೆಯವರ ಮನೆಗೆ ಬಂದ ಜನ ಹೊಸ್ತಿಲ ಹತ್ತಿರ ದನಿ ತಗ್ಗಿಸುತ್ತಾರಲ್ಲ, ಅಷ್ಟು ಹೆದರಿಸುವ ಸದ್ದು ಇನ್ನೊಂದಿಲ್ಲ. ಜೋರಾಗಿ ಮಾತಾಡಿದರೆ ನಾವೇನು ಒಡೆದುಹೋಗುತ್ತೇವೆಯೇ? ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಆ ತಗ್ಗಿದ ದನಿಗಳ ನಡುವೆ ಮಲಗಿದ್ದೆ. ಈಗಲೂ ಬಸ್ಸಿನಲ್ಲಿ ಯಾರಾದರೂ ಎಕ್ಸ್‌ರೇ ಇಟ್ಟ ದೊಡ್ಡ ಕಂದು ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ಕೂತಿದ್ದರೆ, ಹೋಗಿ ಪಕ್ಕದಲ್ಲಿ ಕೂರೋಣ ಅನ್ನಿಸುತ್ತದೆ. ಕೂತು ಏನು ಹೇಳುವುದೆಂದು ತಿಳಿಯದೆ ಸುಮ್ಮನಾಗುತ್ತೇನೆ. ಹೇಳಬೇಕು ಅನ್ನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಆಗಿದ್ದಿರಬಹುದು. ಜಯನಗರ ಆಗಿನ್ನೂ ಹೊಸ ಬಡಾವಣೆ. ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು, ಮನೆಗಳು ಅಲ್ಲೊಂದು ಇಲ್ಲೊಂದು. ಹೊತ್ತು ಮುಳುಗಿದರೆ ಬೀದಿ ದೀಪ ಇದ್ದೂ ಇಲ್ಲದ ಹಾಗೆ. ನಮ್ಮ ಮನೆಯಿಂದ ಸ್ವಲ್ಪ ನಡೆದರೆ ಯಡಿಯೂರು. ಅದು ಹಳ್ಳಿಯಾಗಿಯೇ ಇತ್ತು. ಕೆರೆ, ರಾಗಿ ಹೊಲ, ಸೊಪ್ಪಿನ ಮಡಿ ಎಲ್ಲ ಇದ್ದವು. ನಮ್ಮವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ಹಳ್ಳಿಯ ಮಕ್ಕಳು ಬರುತ್ತಿದ್ದ ಪ್ರೈಮರಿ ಶಾಲೆಯಲ್ಲಿ ಟೀಚರು. ಮೈಸೂರಿನಿಂದ ನಮ್ಮ ಜೊತೆ ಬಂದ ಅತ್ತೆ, ಮೂರು ವರ್ಷದ ಮಗಳು ವಸು, ಇಷ್ಟೇ ನಮ್ಮ ಸಂಸಾರ.

ಒಂದು ಬೆಳಿಗ್ಗೆ ಎರಡನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಕೆಮ್ಮು ಬಂತು, ಸೆರಗು ಅಡ್ಡ ಹಿಡಿದೆ. ತೆಗೆದು ನೋಡಿದರೆ ಸೆರಗಿನ ಮೇಲೆ ಕೆಂಪು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಟೀಚರ್, ಎಲೆ ಅಡಿಕೆ ಹಾಕ್ಕೊಂಡಿದ್ದೀರಾ?" ಎಂದು ಕೇಳಿದಳು. ಹೌದು ಎಂದೆ. ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಗ್ಗಿ ಮುಂದುವರಿಸಿದೆ. ಮಕ್ಕಳೆಲ್ಲ ರಾಗವಾಗಿ ಹೇಳುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಎದೆಯ ಡಾಕ್ಟರ ಕೋಣೆಯ ಮುಂದೆ ಉದ್ದನೆಯ ಬೆಂಚು. ಅಲ್ಲಿ ಕೂತ ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಗೋಡೆಯ ಮೇಲೆ 'ಇಲ್ಲಿ ಉಗುಳಬಾರದು' ಎಂದು ಬರೆದಿತ್ತು. ಒಳಗಿನಿಂದ ಹೆಸರು ಕೂಗಿದರೆ ಒಬ್ಬರು ಎದ್ದು ಹೋಗುವರು. ಅವರು ಹೊರಗೆ ಬರುವಾಗ ಮಾತ್ರ ನಾವೆಲ್ಲ ಕಳ್ಳರ ಹಾಗೆ ಅವರ ಮುಖ ನೋಡುತ್ತಿದ್ದೆವು. ನನ್ನ ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡಿದ್ದ ವಯಸ್ಸಾದವರೊಬ್ಬರು ಕೆಮ್ಮಿದಾಗಲೆಲ್ಲ, "ತಪ್ಪು ತಿಳ್ಕೋಬೇಡೀಮ್ಮ" ಎನ್ನುತ್ತಿದ್ದರು. ನಾನೂ ಕೆಮ್ಮಿದೆ. ಅವರು ಸ್ವಲ್ಪ ನಕ್ಕರು. ಅಲ್ಲಿ ನನಗೆ ಸಿಕ್ಕ ಸಮಾಧಾನವೆಂದರೆ ಅದೊಂದೇ.

ಡಾಕ್ಟರು ನನ್ನ ಎದೆಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ನೀವು ಸ್ವಲ್ಪ ಹೊರಗೆ ಕೂತಿರಿ ತಾಯಿ" ಎಂದು ನನ್ನನ್ನು ಕಳಿಸಿ ನಮ್ಮವರ ಜೊತೆ ಮಾತಾಡಿದರು. ಎದೆ ನನ್ನದು, ಮಾತು ಅವರಿಬ್ಬರದು. ಬಾಗಿಲು ಹಾಕಿತ್ತು, ಏನೂ ಕೇಳಿಸಲಿಲ್ಲ. ಹೊರಗೆ ಬಂದ ನಮ್ಮವರ ಮುಖವನ್ನು ಬೆಂಚಿನವರೆಲ್ಲ ನೋಡಿ ತಲೆ ತಗ್ಗಿಸಿದರು.

ಕ್ಷಯ. ಆ ಪದವನ್ನು ನಮ್ಮವರು ಬಾಯಿಬಿಟ್ಟು ಹೇಳಲಿಲ್ಲ. ಬಸ್ಸಿನಲ್ಲಿ ಟಿಕೇಟನ್ನು ಬೆರಳಿಗೆ ಸುತ್ತುತ್ತಾ, "ವಾಸಿ ಆಗತ್ತಂತೆ, ಒಂದು ವರ್ಷ ರೆಸ್ಟು" ಎಂದು ಕಿಟಕಿಗೆ ಹೇಳಿದರು. ಸ್ಯಾನಿಟೋರಿಯಮ್ಮಿನಲ್ಲಿ ಹಾಸಿಗೆ ಖಾಲಿ ಇಲ್ಲ, ಮನೆಯಲ್ಲೇ ಬೇರೆ ಕೋಣೆಯಲ್ಲಿರಬೇಕು. ದಿನಾ ಇಂಜೆಕ್ಷನ್ನು, ಹೊತ್ತು ಹೊತ್ತಿಗೆ ಕಹಿ ಪುಡಿ. ರಕ್ತ ನಿಲ್ಲುವವರೆಗೆ ಮಾತಾಡುವ ಹಾಗಿಲ್ಲ. ಮಗು ಹತ್ತಿರ ಸುಳಿಯುವ ಹಾಗಿಲ್ಲ. ಮನೆಗೆ ಬಂದ ನಮ್ಮವರು ಚಪ್ಪಲಿ ಬಿಡುವುದನ್ನೂ ಮರೆತು ಸೀದಾ ಅಡಿಗೆಮನೆಗೆ ನಡೆದರು. ಮಡಿ ಎಂದು ಮೂರು ಹೊತ್ತು ಜಪಿಸುವ ನಮ್ಮತ್ತೆ ಆ ಚಪ್ಪಲಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

ಆ ಸಂಜೆಯೇ ವಸುವನ್ನು ಬಸವನಗುಡಿಯಲ್ಲಿದ್ದ ನಮ್ಮವರ ಅಕ್ಕ ಪದ್ಮಕ್ಕನ ಮನೆಗೆ ಕಳಿಸಿದರು. ಅವಳು ಗೇಟಿನ ಹತ್ತಿರ ತಿರುಗಿ ನೋಡಿ, "ಅಮ್ಮ ಯಾಕೆ ಬರಲ್ಲ?" ಎಂದಳು. ನಾನು ಕಿಟಕಿಯಿಂದ ಕೈ ಬೀಸಿದೆ. ಪ್ರತಿ ಭಾನುವಾರ ಅವಳನ್ನು ಕರೆತಂದು ಗೇಟಿನ ಆಚೆ ನಿಲ್ಲಿಸಿ ತೋರಿಸುವುದೆಂದು ಮಾತಾಯಿತು. ನಾನು ಬದುಕಬೇಕು ಅಂದುಕೊಂಡಿದ್ದರೆ ಅದಕ್ಕೆ ಕಾರಣ ಒಂದೇ, ಆ ಗೇಟು ತೆಗೆದು ಅವಳು ಒಳಗೆ ಓಡಿಬರಬೇಕು.

ಮುಂದಿನ ಕೋಣೆ ನನಗಾಯಿತು. ಜಗಲಿಯ ಕಡೆಗೆ ಕಬ್ಬಿಣದ ಕಂಬಿಗಳ ಕಿಟಕಿ. ನನ್ನ ತಟ್ಟೆ, ಲೋಟ, ಚಮಚ ಎಲ್ಲ ಬೇರೆ. ಹಗಲು ಹೇಗೋ ಕಳೆಯುತ್ತಿತ್ತು. ಇಂಜೆಕ್ಷನ್ ಕೊಡುವ ಕಾಂಪೌಂಡರ್ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು, ಅತ್ತೆ ಗಂಜಿ ತಂದಿಡುತ್ತಿದ್ದರು. ದೀಪ ಹಚ್ಚುವ ಹೊತ್ತಾದರೆ ಕಷ್ಟ ಶುರುವಾಗುತ್ತಿತ್ತು. ಮಲಗಿದರೆ ಎದೆಯೊಳಗೆ ಸಣ್ಣಗೆ ಗೊರಗೊರ. ಅದನ್ನೇ ಕಿವಿಗೊಟ್ಟು ಕೇಳುತ್ತಾ, ಈಗ ಬರುತ್ತದೆ ರಕ್ತ, ಈಗ ಬರುತ್ತದೆ ಎಂದು ಕಾಯುತ್ತಾ ಬೆಳಗಾಗಿಸುತ್ತಿದ್ದೆ. ನಿದ್ದೆ ಇಲ್ಲದೆ ಕಣ್ಣು ಗುಳಿಬಿದ್ದವು. ನಿದ್ದೆ ಮಾಡದಿದ್ದರೆ ಔಷಧಿ ಹತ್ತುವುದಿಲ್ಲ ಎಂದು ಕಾಂಪೌಂಡರ್ ಅತ್ತೆಯನ್ನು ಗದರಿದರಂತೆ, ನಿದ್ದೆ ಮಾಡಬೇಕಾದವರು ಅವರೇ ಎನ್ನುವ ಹಾಗೆ.

ಹೀಗಿರುವಾಗ ಒಂದು ಸಂಜೆ ಜಗಲಿಯ ಮೇಲೆ ಲಾಟೀನು ಇಟ್ಟ ಸದ್ದಾಯಿತು. ಕಿಟಕಿಯಾಚೆ ಒಬ್ಬಳು ಮುದುಕಿ ಕಾಲು ಮಡಚಿ ಕೂತಳು.

"ನಾನು ಮುನಿಯಮ್ಮ ಕಣವ್ವ, ಯಡಿಯೂರೋಳು. ಅಮ್ಮಾವ್ರು ಬರೇಳಿದ್ರು. ನೀವು ಮಾತಾಡ್‌ಬ್ಯಾಡಿ ಟೀಚರಮ್ಮ. ನಾನು ಕತೆ ಹೇಳ್ತೀನಿ, ನೀವು ಹ್ಞೂಂ ಅನ್ನಿ. ಬಾಯಲ್ಲಿ ಅನ್ನಾಕಾಗ್ದಿದ್ರೆ ಚಮಚದಾಗೆ ಕಂಬಿಗೆ ಕುಟ್ಟಿ. ಹ್ಞೂಂ ಇಲ್ದಿದ್ರೆ ಕತೆ ಮುಂದಕ್ಕೆ ಹೋಗಾಕಿಲ್ಲ."

ಬೆಳಗಿನ ಹೊತ್ತು ಮನೆ ಮನೆಗೆ ಸೊಪ್ಪು ಮಾರುವ ಮುನಿಯಜ್ಜಿ ಸಂಜೆ ಹೊತ್ತು ಯಾರ ಮನೆಗೆ ಹೋಗುತ್ತಾಳೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಹೇಳಿದ್ದು ಶಾಲೆಯ ಮಕ್ಕಳು. ಒಮ್ಮೆ ಹುಡುಗಿಯೊಬ್ಬಳು ಸಂಜೆ ಮನೆಗೆ ಹೋಗುವ ಮುಂಚೆ ಬಂದು, "ಟೀಚರ್, ನಾಳೆ ನಾನು ಇಸ್ಕೂಲಿಗೆ ಬರಾಕಿಲ್ಲ. ಇವತ್ತು ಮುನಿಯಜ್ಜಿ ನಮ್ ತಾತನ ತಾವ ಬತ್ತಾಳೆ" ಎಂದಿದ್ದಳು. ಮಾರನೆಯ ದಿನ ಅವಳು ಬರಲಿಲ್ಲ, ತಾತ ತೀರಿಕೊಂಡಿದ್ದರು. ಔಷಧಿ, ಹರಕೆ, ಮಂತ್ರ ಎಲ್ಲ ಮುಗಿದು ಇನ್ನೇನೂ ಉಳಿದಿಲ್ಲ ಎಂದಾಗ ಹಳ್ಳಿಯವರು ಅವಳನ್ನು ಕರೆಯುತ್ತಿದ್ದರು. ಹೋಗುವವರು ಹೆದರದೆ, ಒದ್ದಾಡದೆ ಹೋಗಲಿ ಎಂದು ಅವಳು ಪಕ್ಕದಲ್ಲಿ ಕೂತು ಒಳ್ಳೆಯ ಮಾತು ಹೇಳುತ್ತಿದ್ದಳು. ಅವಳ ಲಾಟೀನು ತಮ್ಮ ಓಣಿಗೆ ತಿರುಗಿದರೆ ಮಕ್ಕಳು ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅಂದರೆ ಮುಚ್ಚಿದ ಬಾಗಿಲ ಹಿಂದೆ ಡಾಕ್ಟರು ಹೇಳಿದ್ದು ಇದು. ಅತ್ತೆಗೂ ಗೊತ್ತು, ನಮ್ಮವರಿಗೂ ಗೊತ್ತು. ಸಾಯುವವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತು. ನನಗೆ ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಕೂಗಿ ಕೇಳೋಣವೆಂದರೆ ಮಾತಾಡಿದರೆ ರಕ್ತ ಬರುತ್ತದೆ. ಬರೆದು ಕೇಳೋಣವೆಂದರೆ, ಉತ್ತರ ಬಂದರೆ ಏನು ಮಾಡಲಿ?

"ಒಬ್ಬಳು ಹೆಣ್ಮಗಳು ಹೊತ್ತು ಇಳಿಯೋವಾಗ ಮನೆಯಿಂದ ಹೊಂಟ್ಲು," ಎಂದು ಮುನಿಯಜ್ಜಿ ಶುರುಮಾಡಿ, ಕಾದಳು.

ನಾನು ಚಮಚ ತೆಗೆದು ಕಂಬಿಗೆ ಕುಟ್ಟಿದೆ. ಯಾಕೆ ಕುಟ್ಟಿದೆ ಎಂದು ಈಗಲೂ ನನಗೆ ತಿಳಿಯದು. ಕತೆ ಶುರುವಾದರೆ ಮುಂದೇನು ಎಂದು ಕೇಳದೆ ಇರಲಾಗದ ಜಾತಿ ನನ್ನದು.

ಆ ಹೆಣ್ಣುಮಗಳು ಹೊಳೆಯ ಆ ದಡಕ್ಕೆ ಹೋಗಬೇಕು. ತಲೆಯ ಮೇಲೆ ಇಡೀ ಸಂಸಾರದ ಹೊರೆ, ಕಂಕುಳಲ್ಲಿ ಮಗು. ದಾರಿಯಲ್ಲಿ ಒಂದೊಂದು ಕಡೆ ಒಬ್ಬೊಬ್ಬರು ಸಿಕ್ಕಿ, ಇಷ್ಟು ದೂರಕ್ಕೆ ಇಷ್ಟು ಭಾರ ಯಾಕವ್ವ, ಇಳಿಸು ಎನ್ನುತ್ತಾರೆ. ಅವಳು ಒಂದು ಸಂಜೆ ಹುಣಸೆಮರದ ಕೆಳಗೆ ಬೀಸುವ ಕಲ್ಲನ್ನು ಇಳಿಸಿದಳು. ಇನ್ನೊಂದು ಸಂಜೆ ಕೆರೆ ಏರಿಯ ಮೇಲೆ ಹಸುವಿನ ಹಗ್ಗ ಬಿಟ್ಟಳು. ಇನ್ನೊಂದು ಸಂಜೆ ಬಾವಿಕಟ್ಟೆಯ ಹತ್ತಿರ ಮನೆಯ ಬೀಗದ ಕೈ.

"ಇಳಿಸಿದ್ದು ಕಳ್ದೋಗಾಕಿಲ್ಲ ಕಣವ್ವ," ಎನ್ನುತ್ತಿದ್ದಳು ಮುನಿಯಜ್ಜಿ. "ನಿನ್ನ ಹೊಲ ಬಿತ್ತೋರು ಇರ್ತಾರೆ. ನಿನ್ನ ಒಲೆ ಹಚ್ಚೋರು ಇರ್ತಾರೆ. ನೀನು ನೆಟ್ಟ ಸೊಪ್ಪನ್ನ ಯಾರೋ ಕಿತ್ಕೊಂಡು ಉಣ್ತಾರೆ, ನಿನ್ನ ಹೆಸರು ಹೇಳ್ದೆ ಇದ್ರೂ ಹೊಟ್ಟೆ ತುಂಬ್ತೈತೆ. ಕತ್ತಲು ಅಂತ ಅಂಜ್‌ಬ್ಯಾಡ. ಕಣ್ಣಿಗೆ ಕತ್ತಲು, ಕಾಲಿಗೆ ದಾರಿ ಗೊತ್ತೈತೆ."

ಅವಳ ದನಿ ಇಂಪಾಗಿರಲಿಲ್ಲ. ರಾಗಿ ಬೀಸುವ ಹಾಗೆ ಒರಟಾಗಿ, ಒಂದೇ ಸಮನೆ ಸಾಗುತ್ತಿತ್ತು. ಆದರೆ ಆ ದನಿಯಲ್ಲಿ ತಗ್ಗಿಸಿ ಮಾತಾಡುವ ಕಪಟ ಇರಲಿಲ್ಲ. ಕೇಳುತ್ತಾ ಕೇಳುತ್ತಾ ಎದೆಯ ಗೊರಗೊರ ಮರೆತುಹೋಗುತ್ತಿತ್ತು. ಕಂಬಿಗೆ ಕುಟ್ಟುವ ಕೈ ನಿಧಾನವಾಗಿ, ಚಮಚ ಜಾರಿ, ವಾರಗಳಿಂದ ಬಾರದ ನಿದ್ದೆ ಬರುತ್ತಿತ್ತು. ಬೆಳಿಗ್ಗೆ ಅತ್ತೆ, "ನಿದ್ದೆ ಬಂತಾ?" ಎಂದು ಕೇಳಿ ಮುಖ ಅರಳಿಸುವರು. ಅದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು. ಸೊಸೆ ಸುಲಭವಾಗಿ ಹೋಗುತ್ತಿದ್ದಾಳೆಂದು ಇವರಿಗೆ ಖುಷಿಯೇ ಎಂದುಕೊಳ್ಳುತ್ತಿದ್ದೆ.

ಆ ಸಮಾಧಾನಕ್ಕೇ ನಾನು ಹೆದರುತ್ತಿದ್ದೆ. ಕತೆಯಲ್ಲಿ ಅವಳು ಒಂದೊಂದನ್ನು ಇಳಿಸಿದ ಹಾಗೆ ನನ್ನಲ್ಲೂ ಒಂದೊಂದು ಸಡಿಲವಾಗುತ್ತಿತ್ತು. ಶಾಲೆಯ ಯೋಚನೆ ಹೋಯಿತು. ಮನೆಗೆಲಸ ಯಾರು ಮಾಡುತ್ತಾರೋ ಎಂಬ ಕಳವಳ ಹೋಯಿತು. ಗಂಜಿ ಬೇಡ ಅನ್ನಿಸತೊಡಗಿತು. ಹಗಲೆಲ್ಲ ಬದುಕಬೇಕು ಎಂದು ಹಲ್ಲುಕಚ್ಚುವುದು, ಸಂಜೆಯಾದರೆ ಲಾಟೀನಿನ ಬೆಳಕು ಗೇಟಿನ ಹತ್ತಿರ ಬರುವುದನ್ನೇ ಕಾಯುವುದು, ಇದು ನನ್ನ ಸ್ಥಿತಿ. ಅವಳು ಬರದಿದ್ದರೆ ನಿದ್ದೆಯಿಲ್ಲ, ಬಂದರೆ ಹೊಳೆ ಇನ್ನಷ್ಟು ಹತ್ತಿರ.

ಬೀದಿಯವರೂ ಲಾಟೀನನ್ನು ನೋಡುತ್ತಿದ್ದರು. ಎದುರು ಮನೆಯ ಕಮಲಮ್ಮ ಬಡಾವಣೆಗೆ ಮೊದಲು ಬಂದವರಲ್ಲೊಬ್ಬರು, ಹಳ್ಳಿಯ ಸಂಗತಿ ಎಲ್ಲ ಬಲ್ಲವರು. ನನ್ನ ಕಾಯಿಲೆ ಗೊತ್ತಾದ ಮೇಲೆ ನಮ್ಮ ಮನೆಯ ಗಾಳಿ ಸೋಕಿದರೂ ಆಗದು ಎಂದು ಆ ಕಡೆಯ ಕಿಟಕಿಯನ್ನೇ ಮುಚ್ಚಿದ್ದರು. ಅಂಥವರು ಒಂದು ಮಧ್ಯಾಹ್ನ ಮೂಗಿಗೆ ಸೆರಗು ಹಿಡಿದು ಜಗಲಿಗೆ ಬಂದರು. "ಶಾರದಾ, ನನ್ನಿಂದೇನಾದ್ರೂ ತಪ್ಪಾಗಿದ್ರೆ ಮನಸ್ಸಿನಲ್ಲಿ ಇಟ್ಕೋಬೇಡಮ್ಮ" ಎಂದು ಕಣ್ಣೊರೆಸಿಕೊಂಡರು. ನನ್ನ ಹತ್ತಿರ ಸಾಲ ಪಡೆದಿದ್ದ ಒಂದು ಸೇರು ಅಕ್ಕಿಯನ್ನೂ ತಂದು ಇಟ್ಟುಹೋದರು. ಆ ಅಕ್ಕಿಯನ್ನು ನೋಡುತ್ತಾ ಮಲಗಿದೆ. ಕಮಲಮ್ಮನೇ ತಂದುಕೊಟ್ಟರು ಎಂದರೆ ಇನ್ನು ಅನುಮಾನವಿಲ್ಲ.

ಕೆಲವು ದಿನಗಳಾದ ಮೇಲೆ ಪದ್ಮಕ್ಕ ಬಂದರು. ಅಂದು ಭಾನುವಾರವಲ್ಲ. ನಮ್ಮವರು ಕಚೇರಿಯಲ್ಲಿದ್ದರು, ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ವಸುವಿಗೆ ರೇಷ್ಮೆ ಲಂಗ ಉಡಿಸಿ, ಎರಡು ಜಡೆಗೂ ಹೂ ಮುಡಿಸಿದ್ದರು. ಗೇಟಿನ ಹತ್ತಿರ ನಿಲ್ಲದೆ ಸೀದಾ ಮಗುವನ್ನು ಜಗಲಿಗೆ ಹತ್ತಿಸಿ ಕಿಟಕಿಯ ಮುಂದೆ ನಿಲ್ಲಿಸಿದರು.

"ಗಾಂಧಿಬಜಾರಲ್ಲಿ ಕಮಲಮ್ಮ ಸಿಕ್ಕಿದ್ರು ಕಣೇ," ಎಂದರು. "ನೋಡ್ಕೋ ಶಾರದಾ. ಕಣ್ತುಂಬಾ ನೋಡ್ಕೊಂಡ್‌ಬಿಡು."

ವಸು ಕಂಬಿಗಳ ನಡುವಿನಿಂದ ಕೈ ಒಳಗೆ ಚಾಚಿದಳು. ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು. "ಅಮ್ಮ, ತಗೋ."

ಆ ಕೈಯನ್ನು ಹಿಡಿಯಲು ನನಗೆ ಇದ್ದ ಆಸೆಯನ್ನು ಬರೆಯಲು ಬರುವುದಿಲ್ಲ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದು ಸರಿದು ಗೋಡೆಗೆ ಅಂಟಿ ನಿಂತೆ. ದೂರ ಹೋಗು ಎಂದು ಕೈಸನ್ನೆ ಮಾಡಿದೆ. ಮಗುವಿಗೆ ಅರ್ಥವಾದದ್ದು ಅಮ್ಮ ನನ್ನನ್ನು ಅಟ್ಟುತ್ತಿದ್ದಾಳೆ ಎಂದು. ಬಿಸ್ಕತ್ತು ಒಳಗೆ ಬಿತ್ತು. ಅವಳು ಅಳುತ್ತಲೇ ಹೋದಳು.

ಅಂದು ಗಂಜಿ ಮುಟ್ಟಲಿಲ್ಲ, ಪುಡಿಯನ್ನೂ ಮುಟ್ಟಲಿಲ್ಲ. ಹೋಗುವವಳಿಗೆ ಆ ಕಹಿ ಯಾಕೆ?

ಹೊತ್ತು ಮುಳುಗಿತು, ಲಾಟೀನು ಬಂತು. ಕತೆಯ ಹೆಣ್ಣುಮಗಳು ಆ ಸಂಜೆ ಹೊಳೆಗೆ ತಲುಪಿದ್ದಳು. ತಲೆಯ ಮೇಲೆ ಏನೂ ಉಳಿದಿರಲಿಲ್ಲ. ಹೊಳೆಯಲ್ಲಿ ಹರಿಗೋಲು ಕಾಯುತ್ತಿತ್ತು. ಹರಿಗೋಲಿನವನು ಕೈ ಚಾಚಿ, ಇದರಲ್ಲಿ ಒಬ್ಬರಿಗೇ ಜಾಗ ಎಂದ.

"ಮಗ ಈ ದಡದಾಗೆ ಇರ್ಲಿ, ಅದನ್ನ ಸಾಕೋರು ಬತ್ತಾ ಅವ್ರೆ ಅಂದ. ಅವಳು ಮಗೀನ ಮುತ್ತಿಟ್ಟು, ಮರಳ ಮ್ಯಾಲೆ ಇಳಿಸಿದ್ಲು," ಎಂದು ಮುನಿಯಜ್ಜಿ ನಿಲ್ಲಿಸಿದಳು.

ನಾನು ಕುಟ್ಟಲಿಲ್ಲ.

ಅವಳು ಕಾದಳು. ಕೆರೆಯ ಕಡೆಯಿಂದ ಕಪ್ಪೆಗಳ ಸದ್ದು ಬರುತ್ತಿತ್ತು. ಚಮಚ ನನ್ನ ಕೈಯಲ್ಲೇ ಇತ್ತು.

"ಟೀಚರಮ್ಮ?" ಎಂದಳು. ಆಮೇಲೆ ಲಾಟೀನನ್ನು ಎತ್ತಿ ಕಿಟಕಿಗೆ ಹಿಡಿದಳು. ಯಾಕೆ ಹಿಡಿದಳೆಂದು ನನಗೆ ಗೊತ್ತಾಯಿತು. "ಕಣ್ಣು ಬಿಟ್ಕೊಂಡೇ ಇದ್ದೀರಲ್ಲವ್ವ. ಹ್ಞೂಂ ಅನ್ನಿ. ಹೊಳೆ ತಾವ ನಿಲ್ಲಿಸ್‌ಬಾರ್ದು. ಇಳಿಸಿದ್ಲು, ಹ್ಞೂಂ ಅನ್ನಿ."

"ಇಳಿಸಲ್ಲ," ಎಂದೆ.

ಎಷ್ಟೋ ದಿನಗಳ ಮೇಲೆ ನನ್ನ ದನಿಯನ್ನು ನಾನೇ ಕೇಳಿದ್ದು. ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು.

"ಅವಳು ಮಗೂನ ಇಳಿಸಲ್ಲ. ಹರಿಗೋಲು ಬೇಕಾದ್ರೆ ವಾಪಸ್ ಹೋಗ್ಲಿ."

ಹೇಳಿದ್ದೇ ತಡ, ಕೆಮ್ಮು ನುಗ್ಗಿಬಂತು, ಜೊತೆಗೇ ರಕ್ತ. ಅತ್ತೆ ಓಡಿಬಂದರು. ರಾತ್ರಿಯ ಪೂಜೆಗೆಂದು ಉಟ್ಟ ಮಡಿಸೀರೆಯಲ್ಲೇ ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದು ಬೇಸಿನ್ ಒಡ್ಡಿದರು. ಸೀರೆಗೆ ಕೆಂಪು ಹತ್ತಿತು. ಅವರು ನೋಡಲಿಲ್ಲ.

"ಮಾತಾಡಬೇಡ ಅಂತ ಹೇಳಿಲ್ವೇನೇ ಶಾರದಾ!"

"ಡಾಕ್ಟ್ರು ಏನು ಹೇಳಿದಾರೆ? ನಾನು ಸಾಯ್ತೀನಿ ಅಂತ ಎಲ್ರಿಗೂ ಹೇಳಿದೀರಿ, ನನಗೊಬ್ಬಳಿಗೇ ಹೇಳಿಲ್ಲ."

"ಯಾರೇ ಹಾಗಂದೋರು?"

ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಹೊರಗೆ ಮುನಿಯಜ್ಜಿ ಎದ್ದು ನಿಂತಿದ್ದಳು. "ನನ್ನ ಕರ್ಸಿದ್ರಲ್ಲ ಅಮ್ಮಾವ್ರೆ," ಎಂದಳು. "ನನ್ನ ಇನ್ಯಾತಕ್ಕೆ ಕರೀತಾರೆ?"

"ಇವಳಿಗೆ ನಿದ್ದೆ ಬರ್ಲಿ ಅಂತ ಕರೆಸಿದೆನಮ್ಮ! ಒಂದಿನ ದೇವಸ್ಥಾನದಿಂದ ಬರ್ತಾ ಯಡಿಯೂರಿನ ಕೊನೇ ಮನೆ ಕಿಟಕಿಯಿಂದ ನಿನ್ನ ಮಾತು ಕೇಳಿಸ್ತು. ಅಲ್ಲೇ ನಿಂತುಬಿಟ್ಟೆ. ನನ್ನ ಹೊಟ್ಟೆ ಸಂಕಟವೇ ತಣ್ಣಗಾಯ್ತು. ಇವಳೂ ಕೇಳ್ಲಿ ಅಂದ್ಕೊಂಡೆ."

"ಅವತ್ತು ಆ ಮನೆ ಯಜಮಾನ್ರು ಹೋದ್ರು, ಅಮ್ಮಾವ್ರೆ."

ಅತ್ತೆ ಬೇಸಿನ್ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಮೈಸೂರಿನವರಿಗೆ ಯಡಿಯೂರಿನ ವಾಡಿಕೆ ಹೇಗೆ ತಿಳಿಯಬೇಕು? ಕೇಳಬೇಕು ಅನ್ನಿಸಿರಲಿಲ್ಲ, ಹೇಳಬೇಕೆಂದು ಯಾರಿಗೂ ಅನ್ನಿಸಿರ‌ಲಿಲ್ಲ. ಮುನಿಯಜ್ಜಿಯಂತೂ ಕರೆದ ಮನೆಯಲ್ಲಿ ಯಾಕೆ ಎಂದು ಕೇಳುವವಳೇ ಅಲ್ಲ. ಅವಳು ಲಾಟೀನು ಎತ್ತಿಕೊಂಡು ಹೋದಳು.

ನಮ್ಮವರು ಮನೆಗೆ ಬಂದ ಮೇಲೆ ಅತ್ತೆ ಅವರನ್ನು ನನ್ನ ಎದುರಿಗೆ ನಿಲ್ಲಿಸಿ, "ಡಾಕ್ಟ್ರು ಹೇಳಿದ್ದನ್ನ ಒಂದಕ್ಷರ ಬಿಡದೆ ಇವಳಿಗೆ ಹೇಳು" ಎಂದರು. ಅವರು ಈ ಸಲ ಕಿಟಕಿಗೆ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದರು.

"ಎಡಗಡೆ ಶ್ವಾಸಕೋಶ ಕೆಟ್ಟಿದೆ. ಬಲಗಡೇದು ಚೆನ್ನಾಗಿದೆ. ವಾಸಿ ಆಗಬಹುದು ಅಂದ್ರು, ಆಗೇ ಆಗತ್ತೆ ಅಂತ ಹೇಳೋಕೆ ಬರಲ್ಲ ಅಂದ್ರು. ಔಷಧಿ ತಪ್ಪಿಸಿದ್ರೆ ಮಾತ್ರ ತಮ್ಮ ಕೈಲಿಲ್ಲ ಅಂದ್ರು." ಆಮೇಲೆ, "ನಿನಗೆ ಹೇಳಿದ್ರೆ ಹೆದರ್ತೀಯ ಅಂತ ಸುಮ್ಮನಿದ್ದೆ ಕಣೇ" ಎಂದರು.

ನನ್ನ ಕಾಯಿಲೆಯ ಕಾಲದಲ್ಲಿ ನನಗೆ ಯಾರಾದರೂ ಮಾಡಿದ ದೊಡ್ಡ ಉಪಕಾರವೆಂದರೆ ಆ ಮಾತು. ಅದರಲ್ಲಿ ಭರವಸೆ ಅರ್ಧವೇ ಇತ್ತು. ಆದರೂ ಅದು ನನ್ನ ಕೈಗೆ ಬಂದಿತ್ತು. ಪುಡಿಯನ್ನು ತರಿಸಿ ನುಂಗಿದೆ. ಬಿಸ್ಕತ್ತನ್ನು ಮಾತ್ರ ಯಾರಿಗೂ ಗುಡಿಸಲು ಬಿಡಲಿಲ್ಲ. ಇರುವೆ ಮುತ್ತಿ ಮುಗಿಸುವವರೆಗೆ ಅದು ಅಲ್ಲೇ ಬಿದ್ದಿತ್ತು.

ಮುನಿಯಜ್ಜಿ ಬರುವುದು ನಿಂತಿತು, ನಿದ್ದೆಯೂ ಹೋಯಿತು. ಜ್ವರ ಏರಿತು. ಕಣ್ಣು ಮುಚ್ಚಿದರೆ ಹೊಳೆಯ ದಡದಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ನಿಂತಿರುತ್ತಿದ್ದಳು. ಹರಿಗೋಲಿನವನೂ ಹೋಗಿರಲಿಲ್ಲ, ಕಾಯುತ್ತಿದ್ದ. ಜ್ವರದಲ್ಲಿ ಅವನ ಹುಟ್ಟು ನೀರಿಗೆ ಬಡಿಯುವ ಸದ್ದು ಕೂಡ ನನಗೆ ಕೇಳಿಸುತ್ತಿತ್ತು.

ಆ ವಾರದ ಕೊನೆಗೆ ಲಾಟೀನು ಮತ್ತೆ ಬಂತು. ಮುನಿಯಜ್ಜಿ ಜಗಲಿಯ ಮೇಲೆ ಕೂತಳು.

"ನಂಗೂ ನಿದ್ದೆ ಇಲ್ಲ ಟೀಚರಮ್ಮ. ಅವಳು ಅಲ್ಲೇ ನಿಂತವ್ಳೆ. ಅರ್ಧಕ್ಕೆ ಬಿಟ್ಟ ಕತೆ ಒಳ್ಳೇದಲ್ಲ, ಹೇಳ್ದೋರ್ಗೂ ಕೇಳ್ದೋರ್ಗೂ." ಆಮೇಲೆ ನಾಚಿಕೆಯಿಂದ ಹೇಳಿದಳು, "ಏನ್ ಮಾಡ್ಲಿ? ನಂಗೆ ಅತ್ಲಾಗೆ ಹೋಗೋ ದಾರಿ ಗೊತ್ತು. ಇತ್ಲಾಗೆ ಬರೋದು ಗೊತ್ತಿಲ್ಲ. ನಾನು ಕತೆ ಹೇಳ್ದೋರು ಯಾರೂ ತಿರುಗಿ ಬಂದಿಲ್ವಲ್ಲ."

ನನಗೆ ನಗು ಬಂತು. ಕೆಮ್ಮು ಬಂದೀತೆಂದು ತಡೆದುಕೊಂಡೆ. ಕಂಬಿಗೆ ಒಮ್ಮೆ ಕುಟ್ಟಿದೆ. ಅಲ್ಲಿಗೆ ಹೆಣ್ಣುಮಗಳು ಹೊಳೆಗೆ ಬೆನ್ನು ತಿರುಗಿಸಿದಳು.

ಬಂದ ದಾರಿಯಲ್ಲೇ ವಾಪಸು. ಇಳಿಸಿದ್ದನ್ನೆಲ್ಲ ಒಂದೊಂದಾಗಿ ಎತ್ತಿಕೊಳ್ಳಬೇಕು. ಮುನಿಯಜ್ಜಿಗೆ ಈ ದಾರಿ ಹೊಸದು, ತಡವರಿಸುತ್ತಿದ್ದಳು. ಬಾವಿಕಟ್ಟೆಗೆ ಮೊದಲೇ ಹುಣಸೆಮರ ತಂದುಬಿಡುವಳು. ನಾನು ಚಮಚದಿಂದ ಪಟಪಟ ಬಡಿದು ತಪ್ಪು ತೋರಿಸುತ್ತಿದ್ದೆ. "ಇಸ್ಕೂಲಾಯ್ತಲ್ಲಪ್ಪ ಇದು" ಎಂದು ಗೊಣಗಿ ತಿದ್ದಿಕೊಳ್ಳುವಳು. ಅತ್ತೆಯೂ ಬಾಗಿಲ ಹತ್ತಿರ ಕೂತು ಬತ್ತಿ ಹೊಸೆಯುತ್ತಾ ಹ್ಞೂಂಗುಟ್ಟತೊಡಗಿದರು. ಬೀಗದ ಕೈ ಎತ್ತಿಕೊಳ್ಳಲು ಕತೆಯ ಹೆಣ್ಣುಮಗಳಿಗೆ ಎಷ್ಟೋ ಸಂಜೆ ಬೇಕಾಯಿತು, ಯಾಕೆಂದರೆ ಆಗ ಚಳಿಗಾಲದಲ್ಲಿ ನನಗೆ ಮತ್ತೆ ರಕ್ತ ಬಂದಿತ್ತು. ಹೆಣ್ಣುಮಗಳು ಬಾವಿಕಟ್ಟೆಯ ಮೇಲೆ ಕೂತೇ ಇದ್ದಳು. ಹಿಂದೆ ದೂರದಲ್ಲಿ ಹುಟ್ಟಿನ ಸದ್ದು ಕೇಳುತ್ತಲೇ ಇದೆ ಎಂದು ಮುನಿಯಜ್ಜಿ ಹೇಳುತ್ತಿದ್ದಳು. ಸುಳ್ಳು ಹೇಳಿ ಅದನ್ನು ನಿಲ್ಲಿಸಿಬಿಡಬಹುದಿತ್ತು, ಅವಳು ನಿಲ್ಲಿಸಲಿಲ್ಲ.

ಕತೆಯಿಂದ ವಾಸಿಯಾಯಿತೆಂದು ನಾನು ಹೇಳುವುದಿಲ್ಲ. ವಾಸಿ ಮಾಡಿದ್ದು ಇಂಜೆಕ್ಷನ್ನು, ಆ ಹಾಳು ಪುಡಿ, ಅತ್ತೆಯ ಗಂಜಿ. ಕತೆಯಿಂದ ನಾನು ಅವುಗಳನ್ನು ಬಿಡದೆ ಹಿಡಿದುಕೊಂಡೆ, ರಾತ್ರಿ ಎಂಬುದೊಂದು ಕಳೆಯಿತು, ಅಷ್ಟೇ. ಮುಂದಿನ ವರ್ಷ ಡಾಕ್ಟರು ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಒಣಗಿದೆ ಎಂದರು. ಕಲೆ ಹಾಗೇ ಉಳಿದಿದೆ. ಅದು ಎದ್ದರೂ ಏಳಬಹುದು. ಈಗಲೂ ಕೆಮ್ಮು ಬಂದರೆ ಸೆರಗನ್ನು ತಕ್ಷಣ ತೆಗೆದು ನೋಡುವ ಧೈರ್ಯ ನನಗಿಲ್ಲ.

ವಸು ಬಂದ ದಿನ ಗೇಟು ತೆರೆದೇ ಇತ್ತು. ಅವಳು ಓಡಿಬರಲಿಲ್ಲ. ನಮ್ಮತ್ತೆಯ ಸೆರಗಿನ ಹಿಂದೆ ಅವಿತುಕೊಂಡು ನನ್ನನ್ನು ನೋಡಿದಳು. ಸಂಜೆ ಮುನಿಯಜ್ಜಿ ಕೊನೆಯ ಸಲ ಕತೆ ಹೇಳಲು ಬಂದಾಗ ವಸುವೂ ಜಗಲಿಗೆ ಬಂದು ಕೂತಳು. ಹೆಣ್ಣುಮಗಳು ತನ್ನ ಮನೆಗೆ ತಲುಪಿದ್ದಳು. ಬೀಗ ತೆಗೆದಳು, ಕಲ್ಲು ಇಳಿಸಿದಳು, ಹಸು ಕಟ್ಟಿದಳು. "ಆಮ್ಯಾಕೆ ಮಗೀನ ತನ್ನ ಅಂಗಳದಾಗೆ ಇಳಿಸಿದ್ಲು," ಎಂದು ಮುನಿಯಜ್ಜಿ ನಿಲ್ಲಿಸಿದಳು. ನಾನು ಬಾಯಿಬಿಟ್ಟು ಹ್ಞೂಂ ಅಂದೆ. ನನ್ನನ್ನು ನೋಡಿಕೊಂಡು ವಸುವೂ ಹ್ಞೂಂ ಅಂದಳು.

ಕೆಲವು ವರ್ಷಗಳ ಮೇಲೆ, ಹೊತ್ತು ಮುಳುಗುವಾಗ, ಮುನಿಯಜ್ಜಿಯ ಸೊಸೆ ಲಾಟೀನು ಹಿಡಿದು ನಮ್ಮ ಗೇಟಿಗೆ ಬಂದಳು. "ನಮ್ಮತ್ತೆ ಕರೀತಾವ್ರೆ ಟೀಚರಮ್ಮ."

"ನಿದ್ದೆಗೋ, ಕೊನೆಗೋ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು.

ಮುನಿಯಜ್ಜಿ ಚಾಪೆಯ ಮೇಲೆ ಮಲಗಿದ್ದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು, ಮೊದಲು ಹೇಳಬೇಕಾದ್ದನ್ನು ಹೇಳಿದೆ. "ಅಜ್ಜಿ, ನನ್ನನ್ನ ಕೊನೆಗೆ ಅಂತ ಕರೆದಿದ್ದಾರೆ."

"ಗೊತ್ತು ಕಣವ್ವ. ನಾನೇ ಕರ್ಸಿದ್ದು. ಸುರು ಮಾಡು."

"ತಿರುಗಿ ಬರೋದು ಹೇಳ್ಲಾ?"

"ಅದು ನಿಂದು. ನಂದು ಅತ್ಲಾಗಿಂದು."

ನಾನು ಶುರುಮಾಡಿದೆ. ಹುಣಸೆಮರದ ಕೆಳಗೆ ಕಲ್ಲು ಇಳಿಸಿದಳು. ಹ್ಞೂಂ. ಏರಿಯ ಮೇಲೆ ಹಗ್ಗ ಬಿಟ್ಟಳು. ಹ್ಞೂಂ. ಬಾವಿಕಟ್ಟೆಯಲ್ಲಿ ಬೀಗದ ಕೈ. ಹ್ಞೂಂ. ಅವಳ ಮಗ ಕಾಲಿನ ಹತ್ತಿರ ಕೂತಿದ್ದ, ತಲೆಗೂದಲು ನೆರೆತ ಗಂಡಸು, ಮಗುವಿನ ಹಾಗೆ ಅಳುತ್ತಿದ್ದ. ಹೊಳೆಯ ದಡಕ್ಕೆ ಬಂದೆ. ಹರಿಗೋಲಿನವನು ಕೈ ಚಾಚಿದ. ಮುಂದಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಮುನಿಯಜ್ಜಿ ಕಾದಳು. ಆಮೇಲೆ ಮಗನ ಕಡೆ ನೋಡಿ, "ಇಳಿಸಿದ್ಲು" ಎಂದು ತಾನೇ ಹೇಳಿ, ತಾನೇ ಹ್ಞೂಂ ಅಂದಳು.

"ಹರಿಗೋಲು ಹೊರಟಿತು," ಎಂದೆ.

ಹ್ಞೂಂ ಬರಲಿಲ್ಲ. ನಾನು ಕಾದೆ. ಅವಳ ಕೈ ನನ್ನ ಕೈಯಲ್ಲೇ ಇತ್ತು. ಬಾಗಿಲ ಹತ್ತಿರದಿಂದ ಸೊಸೆ ಮೆಲ್ಲಗೆ ಹ್ಞೂಂ ಅಂದಳು. ಅರ್ಧಕ್ಕೆ ಬಿಡಬಾರದೆಂದು ನಾನು ಆ ದಡ ಬರುವವರೆಗೂ ಹೇಳಿದೆ.